ಟಿವಿಯಲ್ಲಿ ‘ವಾರ್ಮ್’ ಇಟ್ಟರೆ ಎಲ್ಲ ಹಳದಿ ಆಗುತ್ತದಾ?

ಪ್ರಶ್ನೆ: ಹೊಸ ಟಿವಿ ತಂದಿದ್ದೇವೆ. ಪಿಕ್ಚರ್ ಸೆಟ್ಟಿಂಗ್ ಎಷ್ಟೆಷ್ಟು ಇಡಬೇಕು, ನಂಬರ್ ಹೇಳಿ ಸರ್. ನೀವು ಹಿಂದೆ ಹೇಳಿದ ಹಾಗೆ ಕಲರ್ ಟೋನ್ ವಾರ್ಮ್ ಇಟ್ಟರೆ ಎಲ್ಲ ಹಳದಿ ಹಳದಿ ಕಾಣುತ್ತದೆ.

ಉತ್ತರ: ಉಡುಪಿಯಿಂದಲೂ ಇದೇ ಪ್ರಶ್ನೆ, ಸುರತ್ಕಲ್‌ನಿಂದಲೂ ಇದೇ. ನಂಬರ್ ಇಲ್ಲ ಮಾರಾಯ್ರೆ. ಒಂದೇ ಮಾಡೆಲಿನ ಎರಡು ಟಿವಿಗಳೂ ಪೂರ್ತಿ ಒಂದೇ ತರ ಇರುವುದಿಲ್ಲ. ಪಕ್ಕದ ಮನೆಯವರ ನಂಬರ್ ನಿಮಗೆ ಉಪಯೋಗಕ್ಕೆ ಬಾರದು.

ಈಗ ಹಳದಿಯ ವಿಷಯ. ಟಿವಿ ಕಾರ್ಯಕ್ರಮ, ಸಿನಿಮಾ ತಯಾರಿಸುವವರು ಬಿಳಿಯನ್ನು ಸುಮಾರು 6500 ಕೆಲ್ವಿನ್‌ಗೆ ಹೊಂದಿಸಿಕೊಂಡು ಬಣ್ಣ ಕೂರಿಸುತ್ತಾರೆ. (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ: ಕಡಿಮೆ ಆದಷ್ಟು ಹಳದಿ, ಜಾಸ್ತಿ ಆದಷ್ಟು ನೀಲಿ.) ನಿಮ್ಮ ಟಿವಿಯ ವಾರ್ಮ್ ಸಾಮಾನ್ಯವಾಗಿ ಅದಕ್ಕೇ ಹತ್ತಿರ ಇರುತ್ತದೆ. ಕೂಲ್ ಅದಕ್ಕಿಂತ ತುಂಬಾ ಮೇಲೆ, ಅಂದರೆ ನೀಲಿಯ ಕಡೆಗೆ. ಅಂಗಡಿಯ ಝಗಝಗ ಬೆಳಕಿನಲ್ಲಿ, ಸಾಲಾಗಿ ಇಟ್ಟ ಟಿವಿಗಳ ಮಧ್ಯೆ ನೀಲಿ ಬಿಳಿಯೇ ಎದ್ದು ಕಾಣುವುದು. ಅದಕ್ಕೇ ಅಂಗಡಿಯಲ್ಲಿ ವಿವಿಡ್ ಮೋಡ್, ಅಂದರೆ ನೀಲಿ ಬಿಳಿಯ ಝಗಝಗ ಚಿತ್ರ. ಮನೆಗೆ ತಂದ ಮೇಲೂ ಅದನ್ನೇ ನೋಡಿ ನೋಡಿ ಕಣ್ಣು ಒಗ್ಗಿಹೋಗಿರುತ್ತದೆ. ಒಮ್ಮೆಲೇ ವಾರ್ಮ್ ಇಟ್ಟರೆ ಹಳದಿ ಅನ್ನಿಸದೆ ಮತ್ತೇನು?

ನನ್ನ ಮಾತು ನಂಬಬೇಡಿ, ನೀವೇ ನೋಡಿ. ನಿಮ್ಮ ಚಾವಡಿಯ ಎಲ್‌ಇಡಿ ಟ್ಯೂಬ್‌ಲೈಟಿನ ಡಬ್ಬ ಇದ್ದರೆ ಓದಿ. ನಮ್ಮಲ್ಲಿ ಮಾರುವ ಬಿಳಿ ಟ್ಯೂಬ್‌ಲೈಟ್‌ಗಳಲ್ಲಿ ಜಾಸ್ತಿಯವು 6500ಕೆ, ಅಂದರೆ ಅದೇ 6500 ಕೆಲ್ವಿನ್. ಅದನ್ನು ಯಾರೂ ಹಳದಿ ಅನ್ನುವುದಿಲ್ಲ, ಅಲ್ವಾ? ಆ ಬೆಳಕಿನಲ್ಲಿ ಒಗೆದ ಬಿಳಿ ಮುಂಡನ್ನು (ಪಂಚೆಯನ್ನು) ಟಿವಿಯ ಪಕ್ಕದಲ್ಲಿ ಹಿಡಿಯಿರಿ. ಟಿವಿಯಲ್ಲಿ ಯಾವುದಾದರೂ ಬಿಳಿ ಚಿತ್ರ ಇರಲಿ. ಮೊದಲು ಕೂಲ್ ಇಟ್ಟು ನೋಡಿ, ಆಮೇಲೆ ವಾರ್ಮ್. ಕೂಲ್‌ನಲ್ಲಿ ಟಿವಿಯ ಬಿಳಿ ನೀಲಿ ಹಾಕಿ ಒಗೆದ ಬಟ್ಟೆಯ ಹಾಗೆ ಕಾಣುತ್ತದೆ. ವಾರ್ಮ್‌ನಲ್ಲಿ ಮುಂಡಿಗೆ ಹತ್ತಿರ ಬರುತ್ತದೆ. ಗೊಂದಲ ಇರುವುದು ಬಲ್ಬಿನಿಂದ. ಅಂಗಡಿಯಲ್ಲಿ ಸಿಗುವ ವಾರ್ಮ್ ಬಲ್ಬು 2700, 3000 ಕೆಲ್ವಿನ್‌ನದ್ದು, ಅದು ನಿಜವಾಗಿಯೂ ಹಳದಿ. ಟಿವಿಯ ವಾರ್ಮ್ ಅದಲ್ಲ. ಎರಡು ದಿನ ಮುಟ್ಟದೆ ಬಿಡಿ. ಆಮೇಲೆ ಕೂಲ್‌ಗೆ ಹೋದರೆ ನಿಮಗೇ ಕಿರಿಕಿರಿ ಆಗುತ್ತದೆ.

ಉಳಿದದ್ದು ಸುಲಭ. ದಿನಾ ಟಿವಿ ನೋಡುವ ಹೊತ್ತಿನಲ್ಲೇ, ಅದೇ ಬೆಳಕಿನಲ್ಲಿ ಕೂತುಕೊಳ್ಳಿ. ಮೂವಿ ಅಥವಾ ಸಿನಿಮಾ ಮೋಡ್ ಹಾಕಿ. ಒಳ್ಳೆಯ ಎಚ್‌ಡಿ ಯಕ್ಷಗಾನ ವಿಡಿಯೋ ಒಂದನ್ನು ಹಾಕಿ, ಬಣ್ಣದ ವೇಷ (ರಾಕ್ಷಸನ ಪಾತ್ರ) ಹತ್ತಿರದಿಂದ ಕಾಣುವಲ್ಲಿ ನಿಲ್ಲಿಸಿ. ಮುಖಕ್ಕೆ ಹಿಟ್ಟಿನಿಂದ ಇಟ್ಟ ಬಿಳಿ ಚುಟ್ಟಿಯ ಮುಳ್ಳುಗಳು ಒಂದೊಂದೇ ಬೇರೆಯಾಗಿ ಕಾಣಬೇಕು. ಎಲ್ಲ ಸೇರಿ ಬಿಳಿ ಮುದ್ದೆ ಆಗಿದ್ದರೆ ಕಾಂಟ್ರಾಸ್ಟ್ ಇಳಿಸಿ. ಬ್ರೈಟ್‌ನೆಸ್‌ಗೆ ಕಪ್ಪು ಕೂದಲು ನೋಡಿ: ಎಳೆ ಕಾಣಬೇಕು, ಆದರೆ ಕಪ್ಪು ಬೂದಿ ಆಗಬಾರದು. ಕೋಣೆಯ ಬೆಳಕಿಗೆ ಚಿತ್ರ ಮಂಕಾಗಿ ಕಂಡರೆ ಏರಿಸಬೇಕಾದ್ದು ಬ್ಯಾಕ್‌ಲೈಟ್ (ಪರದೆಯ ಹಿಂದಿನ ದೀಪ), ಬ್ರೈಟ್‌ನೆಸ್ ಅಲ್ಲ. (ಕೆಲವು ಕಂಪನಿಗಳು ಬ್ಯಾಕ್‌ಲೈಟನ್ನೇ ಬ್ರೈಟ್‌ನೆಸ್ ಅಂತ ಕರೆದು, ಇನ್ನೊಂದಕ್ಕೆ ಬ್ಲ್ಯಾಕ್ ಲೆವೆಲ್ ಅನ್ನುತ್ತವೆ. ಅವರನ್ನು ಏನು ಮಾಡುವುದು!) ಕಿರೀಟದ ಅಂಚಿಗೆ ತೆಳ್ಳಗೆ ಬಿಳಿ ಗೆರೆ ಕಂಡರೆ ಅದು ಶಾರ್ಪ್‌ನೆಸ್‌ನ ಕೆಲಸ. ಗೆರೆ ಮಾಯವಾಗುವವರೆಗೆ ಇಳಿಸಿ.

ಯಕ್ಷಗಾನ ಅಂದ ಕೂಡಲೇ ಇನ್ನೊಂದು ಹೇಳಲೇಬೇಕು, ಯಾರೂ ಕೇಳಿಲ್ಲ. ಹಳೆಯ ಆಟದ ರೆಕಾರ್ಡಿಂಗ್‌ಗಳು 4:3 ಅಳತೆಯವು, ಅಂದರೆ ಅಗಲ 4 ಇದ್ದರೆ ಎತ್ತರ 3. ನಿಮ್ಮ ಟಿವಿ 16:9. ಎರಡೂ ಬದಿಯ ಕಪ್ಪು ಪಟ್ಟಿ ನೋಡಿ, ‘ಇಷ್ಟು ದುಡ್ಡು ಕೊಟ್ಟು ಇಷ್ಟು ಜಾಗ ಸುಮ್ನೆ ದಂಡ’ ಅಂತ ಚಿತ್ರವನ್ನು ಎಳೆದು ತುಂಬಿಸುತ್ತೀರಿ. ಆಗ ಅಗಲ ಮಾತ್ರ ಮೂರನೇ ಒಂದು ಪಾಲು ಜಾಸ್ತಿ ಆಗುತ್ತದೆ. ಸಪೂರ ಸ್ತ್ರೀವೇಷವೂ ದಪ್ಪ, ಚೆಂಡೆಯ ಮುಖವೂ ಮೊಟ್ಟೆ ಆಕಾರ. ಪಿಕ್ಚರ್ ಸೈಜ್‌ಗೆ ಹೋಗಿ 4:3 ಇಡಿ. ಅಷ್ಟಕ್ಕೂ ಸರಿಯಾಗದಿದ್ದರೆ ಎಳೆಯುತ್ತಿರುವುದು ಸೆಟ್‌ಟಾಪ್ ಬಾಕ್ಸ್ ಇರಬಹುದು, ಅದರ ಮೆನುವಿನಲ್ಲೂ ಒಮ್ಮೆ ನೋಡಿ.