ಬೆಕ್ಕು ಬಿಳಿ ಅಂತ ಕ್ಯಾಮೆರಾಗೆ ಗೊತ್ತಿರಲ್ಲ

ಮೊದಲನೇ ಡಿಎಸ್‌ಎಲ್‌ಆರ್ ಕೈಗೆ ಬಂದ ದಿನ ನಾನು ತೆಗೆದ ಮೊದಲ ಫೋಟೋ ಮನೆ ಬೆಕ್ಕಿಂದು. ಅಚ್ಚ ಬಿಳಿ ಬೆಕ್ಕು, ಬಿಳಿ ಗೋಡೆ ಪಕ್ಕದಲ್ಲಿ ಮಲಗಿತ್ತು, ಕಿಟಕಿಯಿಂದ ಒಳ್ಳೆ ಬೆಳಕು ಬರ್ತಿತ್ತು. ಹಿಂದಿನ ಸ್ಕ್ರೀನಲ್ಲಿ ನೋಡಿದ್ರೆ ಬೆಕ್ಕು ಬೂದಿಯಲ್ಲಿ ಹೊರಳಾಡಿ ಬಂದಂಗಿದೆ, ಗೋಡೆನೂ ಮಾಸಿದ ಬಟ್ಟೆ ಥರ ಇದೆ. ಆಮೇಲೆ ಒಂದು ಕಪ್ಪು ಬ್ಯಾಗನ್ನ ಫ್ರೇಮ್ ತುಂಬ ಬರೋ ಹಾಗೆ ತೆಗೆದೆ, ಅದೂ ಬೂದು! ಬಿಳಿನೂ ಬೂದು ಕರಿನೂ ಬೂದು ಅಂದ್ರೆ ಏನಪ್ಪಾ ಇದು ಅಂತ ತಲೆ ಕೆಡಿಸಿಕೊಂಡು ಮ್ಯಾನುಯಲ್ ತೆಗೆದು ಓದೋಕೆ ಕೂತಿದ್ದು ಅವತ್ತೇ, ಮತ್ತೆ ನಿಜವಾಗಿ ಕ್ಯಾಮೆರಾ ಕಲಿಯೋಕೆ ಶುರು ಮಾಡಿದ್ದೂ ಅವತ್ತೇ.

ವಿಷಯ ಏನಂದ್ರೆ ಕ್ಯಾಮೆರಾ ಒಳಗಿರೋ ಮೀಟರ್‌ಗೆ ಸಿಗೋದು ವಸ್ತುವಿಂದ ವಾಪಸ್ ಬಂದ ಬೆಳಕು ಮಾತ್ರ. ಜಾಸ್ತಿ ಬೆಳಕು ಬಂತು ಅಂದ್ರೆ ಒಂದೋ ವಸ್ತು ಬಿಳಿ ಇದೆ, ಇಲ್ಲಾ ಅದರ ಮೇಲೆ ಬೀಳ್ತಿರೋ ಬೆಳಕೇ ಜೋರಾಗಿದೆ. ಇವೆರಡರಲ್ಲಿ ಯಾವುದು ಅಂತ ಒಂದೇ ಅಳತೆಯಿಂದ ಹೇಳೋಕೆ ಸಾಧ್ಯನೇ ಇಲ್ಲ, ಎರಡು ಗೊತ್ತಿಲ್ಲದ ಸಂಖ್ಯೆ ಇಟ್ಕೊಂಡು ಒಂದೇ ಸಮೀಕರಣ ಬಿಡಿಸೋಕೆ ಹೊರಟ ಹಾಗೆ. ಅದಕ್ಕೆ ಮೀಟರ್ ಒಂದು ಊಹೆ ಮಾಡ್ಕೊಳತ್ತೆ: ಎದುರಿಗಿರೋದೆಲ್ಲ ಸರಾಸರಿಯಾಗಿ ಮಧ್ಯಮ ಬೂದು ಬಣ್ಣದ್ದು ಅಂತ. ಫೋಟೋಗ್ರಾಫರ್‌ಗಳು ಬಳಸೋ ಗ್ರೇ ಕಾರ್ಡ್ ಬಿದ್ದ ಬೆಳಕಲ್ಲಿ 18% ವಾಪಸ್ ಕಳಿಸತ್ತೆ, ಊಹೆ ಹೆಚ್ಚುಕಮ್ಮಿ ಅದರ ಆಸುಪಾಸಲ್ಲೇ ಇರತ್ತೆ. ಹುಲ್ಲು, ಮರ, ರಸ್ತೆ, ಜನ ಎಲ್ಲ ಕಲೆತಿರೋ ದೃಶ್ಯಕ್ಕೆ ಈ ಊಹೆ ಚೆನ್ನಾಗೇ ಕೂರತ್ತೆ. ಆದ್ರೆ ಹೊಸದಾಗಿ ಬಿದ್ದ ಹಿಮ 80-90% ಬೆಳಕು ವಾಪಸ್ ಕಳಿಸತ್ತೆ, ಬಿಳಿ ಬೆಕ್ಕು ಬಿಳಿ ಗೋಡೆನೂ ಹೆಚ್ಚುಕಮ್ಮಿ ಅದೇ ಜಾತಿ. ಮೀಟರ್ ಅದನ್ನ ನೋಡಿ ಓಹೋ ಬೆಳಕು ಸಿಕ್ಕಾಪಟ್ಟೆ ಇದೆ ಅಂತ ಎಕ್ಸ್‌ಪೋಷರ್, ಅಂದ್ರೆ ಫೋಟೋಗೆ ತಗೊಳ್ಳೋ ಬೆಳಕನ್ನ, ಇಳಿಸಿಬಿಡತ್ತೆ.

ಇದಕ್ಕೆ ಪರಿಹಾರ ಪ್ರತಿ ಡಿಎಸ್‌ಎಲ್‌ಆರ್‌ನಲ್ಲೂ ಇದೆ. ಸಾಮಾನ್ಯವಾಗಿ ಪ್ಲಸ್ ಮೈನಸ್ ಚಿಹ್ನೆ ಇರೋ ಒಂದು ಪುಟ್ಟ ಬಟನ್, ಅದನ್ನ ಒತ್ತಿ ಹಿಡಿದು ಡಯಲ್ ತಿರುಗಿಸಬೇಕು. ಅದೇ ಎಕ್ಸ್‌ಪೋಷರ್ ಕಾಂಪೆನ್ಸೇಷನ್. +1 ಅಂದ್ರೆ ಬೆಳಕು ಎರಡು ಪಟ್ಟು, −1 ಅಂದ್ರೆ ಅರ್ಧ. ಬಿಳಿ ಜಾಸ್ತಿ ಇದ್ರೆ ಪ್ಲಸ್ ಕಡೆ, ಕಪ್ಪು ಜಾಸ್ತಿ ಇದ್ರೆ ಮೈನಸ್ ಕಡೆ. ಮೊದಮೊದಲು ಉಲ್ಟಾ ಅನ್ಸತ್ತೆ, ಬೆಳ್ಳಗಿರೋದಕ್ಕೆ ಇನ್ನೂ ಬೆಳಕು ಯಾಕೆ ಕೊಡಬೇಕು ಅಂತ, ಆದ್ರೆ ಮೀಟರ್ ಮಾಡೋ ತಪ್ಪು ಊಹೆ ಯಾವ ಕಡೆಗೆ ಅಂತ ನೆನಪಿದ್ರೆ ಗೊಂದಲ ಇರಲ್ಲ. ನನ್ನ ಪ್ರಕಾರ ಹೊಸಬರು ಮೊದಲು ಕಲೀಬೇಕಾದ ಬಟನ್ ಇದೇ. ಸೆಟಪ್ ಅಂತ ನಾವು ಏನೇನು ಮಾಡ್ತೀವೋ ಅದೆಲ್ಲ ಕೊನೆಗೆ ಇಷ್ಟೇ, ಕ್ಯಾಮೆರಾಗೆ ತಾನಾಗಿ ಗೊತ್ತಾಗದೇ ಇರೋದನ್ನ ನಾವು ಹೇಳಿಕೊಡೋದು: ಇದು ಬಿಳಿ, ನನಗೆ ಬೇಕಾಗಿರೋದು ಇಲ್ಲಿದೆ, ಅದು ಓಡ್ತಾ ಇದೆ.

ಬಾಕ್ಸ್ ಬಿಚ್ಚಿದ ತಕ್ಷಣದ ಕೆಲಸಗಳನ್ನ ಬೇಗ ಹೇಳಿ ಮುಗಿಸ್ತೀನಿ. ಬ್ಯಾಟರಿ ಚಾರ್ಜ್ ಮಾಡಿ, ಕಾರ್ಡನ್ನ ಕಂಪ್ಯೂಟರ್‌ನಲ್ಲಿ ಅಲ್ಲ ಕ್ಯಾಮೆರಾದ ಮೆನುವಿನಲ್ಲೇ ಫಾರ್ಮ್ಯಾಟ್ ಮಾಡಿ, ತಾರೀಖು ಸರಿ ಇಡಿ. ಲೆನ್ಸ್ ಮೇಲಿರೋ ಚುಕ್ಕೆನ ಬಾಡಿ ಮೇಲಿರೋ ಚುಕ್ಕೆಗೆ ಹೊಂದಿಸಿ ಟಕ್ ಅನ್ನೋವರೆಗೂ ತಿರುಗಿಸಿ, ಲೆನ್ಸ್ ಬದಲಾಯಿಸೋವಾಗ ಬಾಡಿ ಬಾಯಿ ಕೆಳಗೆ ಇರಲಿ, ಧೂಳು ಒಳಗೆ ಹೋದ್ರೆ ಎಲ್ಲಾ ಫೋಟೋದಲ್ಲೂ ಒಂದೇ ಜಾಗದಲ್ಲಿ ಕಪ್ಪು ಕಲೆ ಕೂರತ್ತೆ. ಇನ್ನೊಂದನ್ನ ಮಾತ್ರ ತುಂಬಾ ಜನ ಬಿಟ್ಟುಬಿಡ್ತಾರೆ, ವ್ಯೂಫೈಂಡರ್, ಅಂದ್ರೆ ಕಣ್ಣಿಟ್ಟು ನೋಡೋ ಕಿಂಡಿ, ಅದರ ಪಕ್ಕದಲ್ಲಿ ಇರೋ ಪುಟ್ಟ ಚಕ್ರ, ಡಯಾಪ್ಟರ್ ಅಂತ. ಇದು ನಿಮ್ಮ ಕಣ್ಣಿನ ಪವರ್‌ಗೆ ಹೊಂದಿಸೋಕೆ ಇರೋದು. ಎದುರಿಗಿರೋ ದೃಶ್ಯ ನೋಡ್ಕೊಂಡು ಅದನ್ನ ತಿರುಗಿಸಬೇಡಿ, ಒಳಗೆ ಕೆಳಗಡೆ ಕಾಣೋ ಅಂಕಿಗಳು ಚೂಪಾಗಿ ಕಾಣೋವರೆಗೂ ತಿರುಗಿಸಿ. ಇದು ಸರಿ ಇಲ್ದೆ ಹೋದ್ರೆ ಚೆನ್ನಾಗಿ ಫೋಕಸ್ ಆಗಿರೋ ಚಿತ್ರನೂ ಮಂಜು ಮಂಜಾಗಿ ಕಂಡು ನಿಮಗೆ ಲೆನ್ಸ್ ಮೇಲೇ ಅನುಮಾನ ಬರತ್ತೆ.

ವ್ಯೂಫೈಂಡರ್‌ನಲ್ಲಿ ಕಾಣೋದು ಸ್ಕ್ರೀನ್ ಅಲ್ಲ, ನಿಜವಾದ ಬೆಳಕು. ನನಗೆ ಡಿಎಸ್‌ಎಲ್‌ಆರ್ ಅಂದ್ರೆ ಇವತ್ತಿಗೂ ಇಷ್ಟ ಆಗೋದು ಇದೇ ಕಾರಣಕ್ಕೆ. ಲೆನ್ಸ್ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ ಇದೆ, ಅದು ಬೆಳಕನ್ನ ಮೇಲಕ್ಕೆ ಕಳಿಸತ್ತೆ, ಮೇಲೆ ಇನ್ನಷ್ಟು ಕನ್ನಡಿಗಳು ಅದನ್ನ ನೆಟ್ಟಗೆ ಮಾಡಿ ನಿಮ್ಮ ಕಣ್ಣಿಗೆ ಕೊಡತ್ವೆ. ದುಬಾರಿ ಮಾಡೆಲ್‌ಗಳಲ್ಲಿ ಆ ಜಾಗದಲ್ಲಿ ಗಟ್ಟಿ ಗಾಜಿನ ಪ್ರಿಸಮ್ ಇರತ್ತೆ, ಎಂಟ್ರಿ ಲೆವೆಲ್‌ನಲ್ಲಿ ಸಾಮಾನ್ಯವಾಗಿ ಕನ್ನಡಿಗಳೇ, ಅದಕ್ಕೇ ತೂಕ ಕಡಿಮೆ, ಕಾಣೋ ಚಿತ್ರ ಸ್ವಲ್ಪ ಮಂದ. ಬಟನ್ ಒತ್ತಿದಾಗ ಕನ್ನಡಿ ಪಟ್ಟನೆ ಮೇಲೆದ್ದು, ಶಟರ್‌ನ ಪರದೆ ತೆರೆದು, ಚಿತ್ರ ಹಿಡಿಯೋ ಸೆನ್ಸರ್ ಮೇಲೆ ಬೆಳಕು ಬಿದ್ದು, ಎರಡನೇ ಪರದೆ ಮುಚ್ಚಿ, ಕನ್ನಡಿ ವಾಪಸ್ ಕೆಳಗೆ ಬರತ್ತೆ, ಆ ಸದ್ದೇ ನಮಗೆ ಕೇಳೋದು. ಅಂದ್ರೆ ಫೋಟೋ ಆಗೋ ಆ ಒಂದು ಕ್ಷಣ ಮಾತ್ರ ನಿಮಗೆ ಏನೂ ಕಾಣ್ತಿರಲ್ಲ!

ಆ ಕನ್ನಡಿಯ ನಡುಭಾಗ ಸ್ವಲ್ಪ ಬೆಳಕನ್ನ ಆರಪಾರ ಬಿಡತ್ತೆ, ಹಿಂದೆ ಇರೋ ಇನ್ನೊಂದು ಚಿಕ್ಕ ಕನ್ನಡಿ ಅದನ್ನ ಕೆಳಗಿರೋ ಫೋಕಸ್ ಸೆನ್ಸರ್‌ಗೆ ಕಳಿಸತ್ತೆ. ಅಲ್ಲಿ ಲೆನ್ಸಿನ ಎರಡು ಬದಿಯಿಂದ ಬಂದ ಬೆಳಕು ಎರಡು ಬೇರೆ ಬೇರೆ ಚಿತ್ರ ಮಾಡತ್ತೆ, ಅವೆರಡರ ನಡುವಿನ ಅಂತರ ನೋಡಿದ್ರೆ ಸಾಕು, ಫೋಕಸ್ ಹಿಂದಕ್ಕೆ ತಪ್ಪಿದೆಯಾ ಮುಂದಕ್ಕೆ ತಪ್ಪಿದೆಯಾ, ಎಷ್ಟು ತಪ್ಪಿದೆ ಅಂತ ಒಂದೇ ಏಟಿಗೆ ಗೊತ್ತಾಗತ್ತೆ. ನಮ್ಮ ಎರಡು ಕಣ್ಣು ದೂರ ಅಳೆಯೋ ಹಾಗೇನೇ. ಲೈವ್ ವ್ಯೂ, ಅಂದ್ರೆ ಹಿಂದಿನ ಸ್ಕ್ರೀನಲ್ಲಿ ನೋಡ್ಕೊಂಡು ತೆಗೆಯೋದು, ಅದನ್ನ ಹಾಕಿದಾಗ ಕನ್ನಡಿ ಮೇಲೇ ಇರೋದ್ರಿಂದ ಈ ವ್ಯವಸ್ಥೆಗೆ ಬೆಳಕೇ ಹೋಗಲ್ಲ, ಹಳೆ ಎಂಟ್ರಿ ಮಾಡೆಲ್‌ಗಳಲ್ಲಿ ಫೋಕಸ್ ಆಗ ಹಿಂದೆ ಮುಂದೆ ತಡಕಾಡೋದು ಅದಕ್ಕೇ.

ಇಷ್ಟೆಲ್ಲ ಚಾಣಾಕ್ಷ ಆಗಿದ್ರೂ ಯಾವುದರ ಮೇಲೆ ಫೋಕಸ್ ಮಾಡ್ಬೇಕು ಅಂತ ಕ್ಯಾಮೆರಾಗೆ ಗೊತ್ತಿಲ್ಲ. ವ್ಯೂಫೈಂಡರ್‌ನಲ್ಲಿ ಕಾಣೋ ಎಲ್ಲಾ ಫೋಕಸ್ ಪಾಯಿಂಟ್‌ಗಳನ್ನ ಆಟೋಗೆ ಬಿಟ್ರೆ ಸಾಮಾನ್ಯವಾಗಿ ಹತ್ತಿರ ಇರೋದನ್ನ ಹಿಡಿಯತ್ತೆ, ಗಿಡದ ಹಿಂದೆ ನಿಂತ ಮಗುನ ಬಿಟ್ಟು ಎಲೆನ ಹಿಡಿಯತ್ತೆ. ಒಂದೇ ಪಾಯಿಂಟ್ ಆಯ್ಕೆ ಮಾಡಿ, ನಡುವಿಂದು ಆದ್ರೆ ಒಳ್ಳೆದು ಯಾಕಂದ್ರೆ ಎಂಟ್ರಿ ಲೆವೆಲ್‌ನಲ್ಲಿ ಅದೇ ಸಾಮಾನ್ಯವಾಗಿ ಎಲ್ಲಕ್ಕಿಂತ ನಂಬಿಕಸ್ಥ ಪಾಯಿಂಟ್. ಅದನ್ನ ಎದುರಿಗಿರೋರ ಕಣ್ಣಿನ ಮೇಲಿಟ್ಟು ಬಟನ್ ಅರ್ಧ ಒತ್ತಿ ಹಿಡ್ಕೊಂಡು ಆಮೇಲೆ ಫ್ರೇಮ್ ಸರಿ ಮಾಡ್ಕೊಂಡು ಪೂರ್ತಿ ಒತ್ತಿ. ಓಡೋ ಮಗು, ಹಾರೋ ಹಕ್ಕಿ ಆದ್ರೆ ವಸ್ತು ಸರಿದ ಹಾಗೆ ಫೋಕಸ್ ಸರಿ ಮಾಡ್ತಾನೇ ಇರೋ ಕಂಟಿನ್ಯುವಸ್ ಫೋಕಸ್‌ಗೆ ಬದಲಾಯಿಸಿ, ಕ್ಯಾನನ್‌ನಲ್ಲಿ ಅದಕ್ಕೆ ಎಐ ಸರ್ವೋ ಅಂತಾರೆ, ನಿಕಾನ್‌ನಲ್ಲಿ ಎಎಫ್-ಸಿ.

ಈಗ ಅಪರ್ಚರ್, ಶಟರ್, ಐಎಸ್‌ಒ. ಇದನ್ನ ತ್ರಿಕೋನ ಅಂತ ಎಲ್ಲಾ ಕಡೆ ಹೇಳಿಕೊಡ್ತಾರೆ, ನನಗೆ ಆ ತ್ರಿಕೋನ ಅಷ್ಟು ಒಪ್ಪಿಗೆ ಇಲ್ಲ, ಯಾಕಂದ್ರೆ ಮೂರೂ ಒಂದೇ ಥರದ್ದಲ್ಲ. ಅಪರ್ಚರ್ ಅಂದ್ರೆ ಲೆನ್ಸ್ ಒಳಗಿನ ತೂತು, ಶಟರ್ ಅಂದ್ರೆ ಅದನ್ನ ಎಷ್ಟು ಹೊತ್ತು ತೆರೆದಿಡ್ತೀವಿ ಅನ್ನೋದು, ಇವೆರಡೇ ಸೆನ್ಸರ್‌ಗೆ ಬೆಳಕು ಒಯ್ಯೋದು. ಐಎಸ್‌ಒ ಏರಿಸಿದ್ರೆ ಒಂದೇ ಒಂದು ಹನಿ ಬೆಳಕೂ ಜಾಸ್ತಿ ಬರಲ್ಲ, ಬಂದಿರೋ ಸಿಗ್ನಲ್ಲನ್ನ ದೊಡ್ಡದು ಮಾಡತ್ತೆ ಅಷ್ಟೇ.

ಹಾಗಾದ್ರೆ ಐಎಸ್‌ಒ ಏರಿಸಿದಾಗ ಫೋಟೋದಲ್ಲಿ ಕಾಳು ಕಾಳಾಗಿ ನಾಯ್ಸ್ ಬರೋದು ಯಾಕೆ? ನಾವು ಐಎಸ್‌ಒ ಏರಿಸೋದೇ ಬೆಳಕು ಕಮ್ಮಿ ಇದ್ದಾಗ. ಬೆಳಕು ಫೋಟಾನ್ ಅನ್ನೋ ಬಿಡಿ ಬಿಡಿ ಕಣಗಳಾಗಿ ಬರತ್ತೆ, ಮಳೆ ಹನಿ ಥರ. ಅಂಗಳದಲ್ಲಿ ಒಂದೇ ಅಳತೆಯ ಲೋಟಗಳನ್ನ ಸಾಲಾಗಿ ಇಟ್ರೆ ಜೋರು ಮಳೆಯಲ್ಲಿ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಮಟ್ಟ ನೀರು ಇರತ್ತೆ, ನಾಲ್ಕು ಹನಿ ಬಿದ್ದು ನಿಂತ್ರೆ ಒಂದರಲ್ಲಿ ಮೂರು ಹನಿ ಇನ್ನೊಂದರಲ್ಲಿ ಒಂದೂ ಇಲ್ಲ. ಲೆಕ್ಕ ಏನಂದ್ರೆ ಈ ಏರುಪೇರು ಸಂಖ್ಯೆಯ ವರ್ಗಮೂಲದಷ್ಟಿರತ್ತೆ. ಒಂದು ಪಿಕ್ಸೆಲ್‌ಗೆ ಸರಾಸರಿ 10,000 ಫೋಟಾನ್ ಸಿಕ್ರೆ ಏರುಪೇರು ಸುಮಾರು 100, ಅಂದ್ರೆ 1%, ಕಣ್ಣಿಗೆ ಕಾಣಲ್ಲ. 100 ಫೋಟಾನ್ ಮಾತ್ರ ಸಿಕ್ರೆ ಏರುಪೇರು 10, ಅಂದ್ರೆ 10%, ಅದು ಚೆನ್ನಾಗೇ ಕಾಣತ್ತೆ. ಅದೇ ನಾಯ್ಸ್‌ನ ದೊಡ್ಡ ಪಾಲು, ಎಂಥಾ ಕ್ಯಾಮೆರಾ ಆದ್ರೂ ಇದರಿಂದ ತಪ್ಪಿಸಿಕೊಳ್ಳೋಕಾಗಲ್ಲ. ನಾಯ್ಸ್ ಕಂಡ್ರೆ ಐಎಸ್‌ಒ ಬೈಯೋದು ಬಿಟ್ಟು ಬೆಳಕು ಎಲ್ಲಿಂದ ತರೋಣ ಅಂತ ಯೋಚನೆ ಮಾಡಿ. ಬೆಳಕೇ ಇಲ್ಲ ಅಂದ್ರೆ ಐಎಸ್‌ಒ ಏರಿಸೋಕೆ ಹೆದರಲೂ ಬೇಡಿ, ಕಾಳು ಕಾಳಾದ ಫೋಟೋನ ಸ್ವಲ್ಪ ಸರಿ ಮಾಡಬಹುದು, ಅಲುಗಾಡಿ ಹೋದ ಫೋಟೋನ ಸರಿ ಮಾಡೋದು ಬಹಳ ಕಷ್ಟ.

ಅಪರ್ಚರ್ ನಂಬರ್ ಉಲ್ಟಾ ಇರೋದು ಎಲ್ಲರನ್ನೂ ಕಾಡತ್ತೆ. ಅದು ಭಾಗಾಕಾರ: ಫೋಕಲ್ ಲೆಂಗ್ತನ್ನ, ಅಂದ್ರೆ ಲೆನ್ಸ್ ಮೇಲೆ ಎಂಎಂನಲ್ಲಿ ಬರೆದಿರೋ ಸಂಖ್ಯೆನ, ತೂತಿನ ವ್ಯಾಸದಿಂದ ಭಾಗಿಸಿದ್ರೆ ಬರೋ ಸಂಖ್ಯೆ, ಹಾಗಾಗಿ ತೂತು ದೊಡ್ಡದಾದಷ್ಟೂ ನಂಬರ್ ಚಿಕ್ಕದು. ಕ್ಯಾಮೆರಾ ಜೊತೆ ಬರೋ 18-55 ಕಿಟ್ ಲೆನ್ಸನ್ನ 55ಕ್ಕೆ ಎಳೆದಾಗ ಎಫ್/5.6ಕ್ಕಿಂತ ಅಗಲ ತೆರೆಯಲ್ಲ. 50 ಎಂಎಂ ಎಫ್/1.8 ಅನ್ನೋ ಪುಟ್ಟ ಲೆನ್ಸ್ ಸೆನ್ಸರ್‌ಗೆ ಅದಕ್ಕಿಂತ ಒಂಬತ್ತು ಪಟ್ಟಿಗೂ ಜಾಸ್ತಿ ಬೆಳಕು ಕೊಡತ್ತೆ. ಮೇಲಿನ ಲೋಟದ ಲೆಕ್ಕ ನೆನಪು ಮಾಡ್ಕೊಂಡ್ರೆ ಎರಡನೇ ಲೆನ್ಸ್ ಅಂತ ತಗೊಂಡ್ರೆ ಇದನ್ನೇ ತಗೊಳ್ಳಿ ಅಂತ ನಾನು ಯಾಕೆ ಎಲ್ಲರಿಗೂ ಹೇಳ್ತೀನಿ ಅಂತ ಅರ್ಥ ಆಗತ್ತೆ.

ಮೋಡ್ ಡಯಲ್‌ನಲ್ಲಿ ಹಸಿರು ಆಟೋದಿಂದ ನೇರವಾಗಿ ಎಲ್ಲಾನೂ ನಾವೇ ಆರಿಸೋ ಮ್ಯಾನುಯಲ್ ಮೋಡ್‌ಗೆ ಹಾರಬೇಕಾಗಿಲ್ಲ. ಅಪರ್ಚರ್ ಪ್ರಯಾರಿಟಿ, ಅಂದ್ರೆ ಕ್ಯಾನನ್‌ನ ಎವಿ ಅಥವಾ ನಿಕಾನ್‌ನ ಎ, ಇದರಲ್ಲೇ ತಿಂಗಳುಗಟ್ಟಲೆ ಇರಬಹುದು, ನಾನು ಈಗಲೂ ಬಹಳಷ್ಟು ಫೋಟೋ ಇದರಲ್ಲೇ ತೆಗೆಯೋದು. ತೂತು ನೀವು ಆರಿಸಿ, ಶಟರ್ ಅದು ನೋಡ್ಕೊಳ್ಳತ್ತೆ. ಆದ್ರೆ ಶಟರ್ ಎಷ್ಟಕ್ಕೆ ಇಳೀತು ಅಂತ ಒಂದು ಕಣ್ಣಿಟ್ಟಿರಿ. ಕೈಯಲ್ಲಿ ಹಿಡಿದು ತೆಗೆಯೋವಾಗ ಎಂಟ್ರಿ ಲೆವೆಲ್ ಸೆನ್ಸರ್ ಚಿಕ್ಕದಾಗಿರೋದ್ರಿಂದ ಫೋಕಲ್ ಲೆಂಗ್ತನ್ನ 1.5ರಿಂದ ಗುಣಿಸಿ, 55 ಆದ್ರೆ ಸುಮಾರು 80, ಸೋ ಸೆಕೆಂಡಿನ 1/80ಕ್ಕಿಂತ ನಿಧಾನ ಆಗದಂಗೆ ನೋಡ್ಕೊಳ್ಳಿ. ಲೆನ್ಸಲ್ಲಿ ಸ್ಟೆಬಿಲೈಸೇಷನ್ ಇದ್ರೆ ಇನ್ನೂ ನಿಧಾನಕ್ಕೂ ಹೋಗಬಹುದು, ಆದ್ರೆ ಅದು ನಿಮ್ಮ ಕೈ ನಡುಕಕ್ಕೆ ಮಾತ್ರ ಔಷಧಿ, ಎದುರಿಗೆ ಓಡ್ತಿರೋ ಮಗುಗೆ ಅಲ್ಲ. ಅದಕ್ಕೆ 1/500 ಬೇಕು.

ಫೋಟೋನ ಆಮೇಲೆ ತಿದ್ದೋ ಅಭ್ಯಾಸ ಇದ್ರೆ ರಾ ಫೈಲಲ್ಲಿ, ಅಂದ್ರೆ ಸೆನ್ಸರ್ ಕೊಟ್ಟ ಮಾಹಿತಿನ ಹೆಚ್ಚು ತಿದ್ದದೆ ಹಾಗೇ ಇಡೋ ಫೈಲಲ್ಲಿ, ತೆಗೀರಿ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ, 14 ಬಿಟ್ ರಾ ಫೈಲಲ್ಲಿ 16,384. ವೈಟ್ ಬ್ಯಾಲೆನ್ಸ್, ಅಂದ್ರೆ ಬಿಳಿ ಬಿಳಿಯಾಗೇ ಕಾಣೋ ಹಾಗೆ ಬಣ್ಣ ಹೊಂದಿಸೋದು, ತಪ್ಪಿದ್ರೂ ರಾ ಇದ್ರೆ ಆಮೇಲೆ ಬದಲಾಯಿಸಬಹುದು.

ಇಷ್ಟು ಕೈಗೆ ಕೂತ ಮೇಲೆ ಒಂದು ರಾತ್ರಿ ಚಂದ್ರನ ಫೋಟೋ ತೆಗೆದು ನೋಡಿ. ಆಟೋದಲ್ಲಿ ತೆಗೆದ್ರೆ ಫ್ರೇಮ್ ತುಂಬ ಕಪ್ಪು ಆಕಾಶ ಇರೋದ್ರಿಂದ ಮೀಟರ್ ಅದನ್ನೂ ಬೂದು ಮಾಡೋಕೆ ಹೋಗಿ ಚಂದ್ರ ಬರೀ ಬಿಳಿ ಚುಕ್ಕೆ ಆಗತ್ತೆ, ನಮ್ಮ ಬೆಕ್ಕಿನ ಕಥೆನೇ ಉಲ್ಟಾ. ಆದ್ರೆ ಚಂದ್ರ ಅಂದ್ರೆ ಕಡುಬಿಸಿಲಲ್ಲಿ ಬಿದ್ದಿರೋ ಬಂಡೆ ಅಷ್ಟೇ, ನಮಗೆ ರಾತ್ರಿ ಆದ್ರೆ ಅದಕ್ಕೂ ರಾತ್ರಿನಾ? ಮ್ಯಾನುಯಲ್‌ಗೆ ಹಾಕಿ, ಐಎಸ್‌ಒ 100, ಎಫ್/11, 1/100 ಸೆಕೆಂಡ್, ಹುಣ್ಣಿಮೆ ಆಸುಪಾಸಲ್ಲಿ ಇಲ್ಲಿಂದ ಶುರು ಮಾಡಿ. 55 ಎಂಎಂನಲ್ಲಿ ಸೆನ್ಸರ್ ಮೇಲೆ ಬೀಳೋ ಚಂದ್ರನ ಚಿತ್ರ ಅರ್ಧ ಮಿಲಿಮೀಟರ್, 24 ಮೆಗಾಪಿಕ್ಸೆಲ್ ಎಂಟ್ರಿ ಲೆವೆಲ್ ಕ್ಯಾಮೆರಾದಲ್ಲಿ ಅದು ಅಡ್ಡಕ್ಕೆ ಸುಮಾರು 125 ಪಿಕ್ಸೆಲ್ ಆಗತ್ತೆ. ಕಂಪ್ಯೂಟರ್‌ಗೆ ಹಾಕಿ ಪೂರ್ತಿ ಝೂಮ್ ಮಾಡಿ, ಆ ಅಷ್ಟರಲ್ಲೇ ಚಂದ್ರನ ಮೇಲಿನ ಕಪ್ಪು ಬಯಲುಗಳು ಒಂದೊಂದಾಗಿ ಕಾಣತ್ವೆ.