ಮೀನು ಸಾಲು ಕಟ್ಟುವುದು ಯಾವಾಗ?

ಅಂಗಡಿಯಲ್ಲಿ ನಿಯಾನ್ ಟೆಟ್ರಾಗಳು ಒಂದೇ ಮುದ್ದೆಯಾಗಿ ಮೂಲೆಯಲ್ಲಿ ನಿಂತಿದ್ದವು. ಮೂವತ್ತು ನಲವತ್ತು ಮೀನು, ಎಲ್ಲದರ ಮೂತಿಯೂ ಒಂದೇ ಕಡೆಗೆ. ಅಂಗಡಿಯವರು ಬಲೆ ಇಳಿಸಿದ ಕೂಡಲೇ ಇಡೀ ಮುದ್ದೆ ಸರ್ರನೆ ತಿರುಗಿ ಇನ್ನೊಂದು ಮೂಲೆ ಸೇರಿತು. ಚಿಕ್ಕಮಗಳೂರಿನ ನಮ್ಮ ಮನೆಯ ಹಾಲ್‌ನಲ್ಲಿ ಇದೇ ದೃಶ್ಯ ಬೇಕು ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

"ಎಷ್ಟು ಜೋಡಿ ಕೊಡ್ಲಿ ಸಾರ್?" ಅಂದರು. ನಮ್ಮಲ್ಲಿ ಅಕ್ವೇರಿಯಂ ಮೀನು ಮಾರುವುದೇ ಜೋಡಿ ಲೆಕ್ಕದಲ್ಲಿ. ಹಾಗಾಗಿ ಎಷ್ಟೋ ಮನೆಗಳ ತೊಟ್ಟಿಯಲ್ಲಿ ಒಂದು ಜೋಡಿ ನಿಯಾನ್, ಒಂದು ಜೋಡಿ ಜೀಬ್ರಾ, ಒಂದು ಜೋಡಿ ಇನ್ನೇನೋ. ಸಂತೆಯಿಂದ ತರಕಾರಿ ತಂದ ಹಾಗೆ. ಗುಂಪಿನಲ್ಲಿ ಬದುಕುವ ಮೀನಿಗೆ ಇದು ಶಿಕ್ಷೆಯೇ ಸರಿ. ಒಂದೇ ಜಾತಿಯವು ಕಡಿಮೆ ಅಂದರೂ ಆರು ಇರಬೇಕು, ಹತ್ತಾದರೆ ವಾಸಿ. ಇದನ್ನು ಓದಿಕೊಂಡಿದ್ದೆ, ಐದು ಜೋಡಿ ತಂದೆ. ಓದದೇ ಬಿಟ್ಟದ್ದು ಬೇರೆ ಇತ್ತು.

2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ. ಅಂಚಿನವರೆಗೆ ತುಂಬಿದರೆ 56 ಲೀಟರ್ ಚಿಲ್ಲರೆ. ನೀರು ತುಂಬಿಸಿದ ದಿನವೇ ಮೀನು ಬಿಟ್ಟೆ. ಎರಡು ದಿನ ಸಾಲುಗಟ್ಟಿ ಈಜಿದವು. ಎಂಟನೇ ದಿನಕ್ಕೆ ಉಳಿದದ್ದು ಮೂರು. ಹತ್ತನೇ ದಿನ ಅವೂ ಇಲ್ಲ.

ತಪ್ಪು ನನ್ನದೇ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾ. ಹಳ್ಳದಲ್ಲಾದರೆ ಅದು ಹರಿದು ಹೋಗುತ್ತದೆ, ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆ ಅದನ್ನು ಅಷ್ಟೇನೂ ತೊಂದರೆ ಕೊಡದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಕಣ್ಣಿಗೆ ಕಾಣದವರು ಗೃಹಪ್ರವೇಶ ಮಾಡಿದ ಮೇಲೆ ಮೀನಿನ ಸರದಿ. ಆ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಫಳಫಳ ತೊಳೆಯಲೂಬಾರದು. ನಲ್ಲಿ ನೀರಿನ ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲಿಕ್ಕೆ, ಅಲ್ವಾ? ತೊಟ್ಟಿಯಿಂದಲೇ ತೆಗೆದ ಒಂದು ಮಗ್ ನೀರಿನಲ್ಲಿ ಹಿಂಡಿದರೆ ಸಾಕು.

ಎರಡನೇ ಸಲ ಗಿಡ ಮೊದಲು ನೆಟ್ಟೆ. ಹಿಂದೆ ಉದ್ದ ರಿಬ್ಬನ್ನಿನಂಥ ವ್ಯಾಲಿಸ್ನೇರಿಯಾ, ಬದಿಗೆ ಕ್ರಿಪ್ಟೊಕೊರೈನ್, ಮುಂದೆ ಈಜಲು ಬಯಲು. ಗಿಡಗಳು ಅಮೋನಿಯಾವನ್ನು ನೇರವಾಗಿ ಗೊಬ್ಬರದ ಹಾಗೆ ಹೀರುತ್ತವೆ. ಕ್ರಿಪ್ಟೊಕೊರೈನ್ ವಾರದೊಳಗೆ ಎಲೆಯೆಲ್ಲ ಕರಗಿ ಲೋಳೆಯಾಯಿತು. ಕಿತ್ತೆಸೆಯಲು ಹೋದವನು ಸೋಮಾರಿತನದಿಂದ ಬಿಟ್ಟೆ. ತಿಂಗಳಲ್ಲಿ ಬೇರಿನಿಂದ ಹೊಸ ಎಲೆ ಬಂತು. ಜಾಗ ಬದಲಾದಾಗ ಅದು ಹಾಗೆ ಮಾಡುತ್ತದಂತೆ.

ಒಂದೂವರೆ ತಿಂಗಳು ಬಿಟ್ಟು ಮತ್ತೆ ಹತ್ತು ನಿಯಾನ್ ತಂದೆ. ಮೊದಲ ವಾರ ಅದೇ ಮುದ್ದೆ, ಅದೇ ಸಾಲು. ಆಮೇಲೆ ಶುರುವಾಯಿತು ನೋಡಿ ನನ್ನ ಬೇಸರ. ಒಂದು ಗಿಡದ ಬುಡದಲ್ಲಿ ಮರಳು ಕೆದಕುತ್ತಿದೆ. ಎರಡು ಮೇಲೆ ಎಲೆ ಸಂದಿಯಲ್ಲಿ. ನಾಲ್ಕು ನಡುವೆ ಸುಮ್ನೆ ತೇಲುತ್ತಿವೆ. ಸಾಲು ಎಲ್ಲಿ?

ದನದ ಹಿಂಡು ಬಯಲಿನಲ್ಲಿ ಮೇಯುವುದಕ್ಕೂ ಪೊಲೀಸರ ಪೆರೇಡಿಗೂ ಇರುವ ವ್ಯತ್ಯಾಸವನ್ನು ಮೀನಿನ ವಿಜ್ಞಾನಿಗಳೂ ಮಾಡುತ್ತಾರೆ. ಸುಮ್ಮನೆ ಹತ್ತಿರ ಹತ್ತಿರ ಇರುವುದು ಗುಂಪು. ಎಲ್ಲ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಹೋದರೆ ಅದು ಪೆರೇಡು. ನಿಯಾನ್, ಜೀಬ್ರಾದಂಥ ಸಣ್ಣ ಮೀನುಗಳಿಗೆ ಗುಂಪು ದಿನನಿತ್ಯದ ಬದುಕು. ಪೆರೇಡು ಹೆಚ್ಚಾಗಿ ಹೆದರಿಕೆ ಬಂದಾಗ. ಅಂಗಡಿಯ ಬೋಳು ತೊಟ್ಟಿಯಲ್ಲಿ ನಾನು ಮರುಳಾದ ಆ ಚೆಂದ ಬರೀ ಭಯ. ಅಡಗಲು ಜಾಗವೇ ಇಲ್ಲದಾಗ ಒಂದರ ಹಿಂದೆ ಒಂದು ಅಡಗುತ್ತವೆ, ಅಷ್ಟೇ.

ಅದರಿಂದ ಲಾಭ ಇದೆ. ಅಂಗಳದಲ್ಲಿ ಕೋಳಿ ಹಿಡಿಯಲು ಓಡಿದವರಿಗೆ ಗೊತ್ತು, ಒಂದರ ಮೇಲೆ ಕಣ್ಣಿಟ್ಟಿರುವಾಗ ಇನ್ನೊಂದು ಅಡ್ಡ ಬಂದರೆ ಎರಡೂ ತಪ್ಪಿಹೋಗುತ್ತವೆ. ಬೇಟೆಯಾಡುವ ದೊಡ್ಡ ಮೀನಿಗೂ ಅದೇ ಪೇಚಾಟ. ಆದರೆ ಗುಂಪಿನಲ್ಲಿ ಒಂದು ಮಾತ್ರ ಬೇರೆ ಥರ ಕಂಡರೆ ಗುರಿ ಸಿಕ್ಕಿತು. ತಮ್ಮಂತೆ ಕಾಣುವವರನ್ನೇ ಮೀನು ಹುಡುಕುವುದು ಅದಕ್ಕೇ ಇರಬೇಕು. ಜೀಬ್ರಾ ಮೀನುಗಳ ಮೇಲೆ ನಡೆದ ಪ್ರಯೋಗವೊಂದು 2004ರಲ್ಲಿ ಪ್ರಕಟವಾಯಿತು. ಪಟ್ಟೆಯಿಲ್ಲದ ತಳಿಯ ಜೊತೆ ಬೆಳೆದ ಮರಿಗಳು ದೊಡ್ಡವಾದ ಮೇಲೂ ಪಟ್ಟೆಯಿಲ್ಲದವರ ಗುಂಪನ್ನೇ ಇಷ್ಟಪಟ್ಟವು, ಮೈಮೇಲೆ ಪಟ್ಟೆ ಇದ್ದರೂ. ತಮ್ಮವರು ಯಾರು ಅನ್ನುವುದನ್ನು ಅವು ಬೆಳೆಯುತ್ತಾ ಕಲಿಯುತ್ತವೆ.

ಇಷ್ಟು ಒಟ್ಟಿಗೆ ತಿರುಗಿದರೂ ಡಿಕ್ಕಿಯಾಗುವುದಿಲ್ಲವಲ್ಲ, ಹೇಗೆ? ಕಣ್ಣಂತೂ ಇದೆ. ಜೊತೆಗೆ ಕಿವಿರಿನ ಹಿಂದಿನಿಂದ ಬಾಲದವರೆಗೆ ಮೈಪಕ್ಕದಲ್ಲಿ ಒಂದು ಗೆರೆ ಹೋಗುತ್ತದೆ, ಪಾರ್ಶ್ವರೇಖೆ. ನೀರಿನ ಸಣ್ಣ ಅಲುಗಾಟವನ್ನೂ ಹಿಡಿಯುವ ಸೂಕ್ಷ್ಮ ಕೂದಲಿನ ಕೋಶಗಳು ಅದರಲ್ಲಿವೆ. ನಮ್ಮ ಒಳಕಿವಿಯಲ್ಲಿರುವುದೂ ಇದೇ ಬಗೆಯ ಕೋಶಗಳು. 1976ರಲ್ಲಿ ಪಿಚರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಸೇಥ್ ಎಂಬ ಕಡಲ ಮೀನಿನ ಕಣ್ಣು ಮುಚ್ಚಿ ಗುಂಪಿಗೆ ಬಿಟ್ಟರು. ಕಣ್ಣು ಕಾಣದಿದ್ದರೂ ಅದು ಗುಂಪಿನ ಜೊತೆ ಈಜಿತು. ಕಣ್ಣಿನ ಜೊತೆ ಪಾರ್ಶ್ವರೇಖೆಯೂ ಕೆಲಸ ಮಾಡದ ಹಾಗೆ ಮಾಡಿದಾಗ ಮಾತ್ರ ದಾರಿ ತಪ್ಪಿತು.

ಇನ್ನೊಂದನ್ನು ನಾನೇ ಕಣ್ಣಾರೆ ಕಂಡೆ. ಒಂದು ದಿನ ಗಿಡ ಕತ್ತರಿಸುವಾಗ ಕತ್ತರಿ ತಗುಲಿ ಒಂದು ನಿಯಾನಿನ ಹುರುಪೆ ಎದ್ದಿತು. ಅದು ಹೇಗೋ ಬದುಕಿಕೊಂಡಿತು. ಆದರೆ ಉಳಿದ ಒಂಬತ್ತೂ ಕ್ಷಣದಲ್ಲಿ ತಳಕ್ಕೆ ಇಳಿದು, ಒಂದಕ್ಕೊಂದು ಅಂಟಿಕೊಂಡು ನಿಂತವು. ಕತ್ತರಿ ತೆಗೆದು ಎಷ್ಟೋ ಹೊತ್ತಾದರೂ ಮೇಲೆ ಬರಲಿಲ್ಲ, ಆಹಾರ ಹಾಕಿದರೂ ಬರಲಿಲ್ಲ. ನನ್ನ ಕೈಗೇ ಹೆದರಿದವೋ ಏನೋ. ಆದರೆ ಕಾರ್ಲ್ ಫಾನ್ ಫ್ರಿಶ್, ಜೇನುನೊಣದ ಕುಣಿತದ ಅರ್ಥ ಬಿಡಿಸಿದವರು, 1938ರಲ್ಲಿ ಇಂಥದ್ದನ್ನೇ ಬರೆದಿದ್ದರು. ಗಾಯಗೊಂಡ ಮೀನಿನ ಚರ್ಮದಿಂದ ಒಂದು ವಸ್ತು ನೀರಿಗೆ ಸೇರುತ್ತದೆ, ವಾಸನೆ ಬಡಿದ ಜೊತೆಗಾರರು ಬೆದರುತ್ತಾರೆ. ಟೆಟ್ರಾ, ಜೀಬ್ರಾ, ಗೆಂಡೆ ಎಲ್ಲವೂ ಇಂಥ ಎಚ್ಚರಿಕೆ ಇರುವ ದೊಡ್ಡ ಬಳಗಕ್ಕೆ ಸೇರಿದವು.

ಬಣ್ಣದ ವಿಷಯಕ್ಕೆ ಬಂದರೆ, ನಮ್ಮಮ್ಮ ಒಂದು ರಾತ್ರಿ ಎರಡು ಗಂಟೆಗೆ ಎಬ್ಬಿಸಿದರು. "ಏ, ಏಳೋ! ನಿನ್ನ ಮೀನಿನ ಬಣ್ಣ ಎಲ್ಲಾ ಹೋಗ್ಬಿಟ್ಟಿದೆ ಕಣೋ." ಲೈಟ್ ಹಾಕಿದಾಗ ನಿಜಕ್ಕೂ ಬೂದಿ ಬಣ್ಣದ ಮೀನುಗಳು. ಇಬ್ಬರೂ ನೋಡುತ್ತಾ ಕೂತೆವು. ಸ್ವಲ್ಪ ಹೊತ್ತಿಗೆ ಕೆಂಪು ಮರಳಿತು, ನೀಲಿ ಗೆರೆ ನಿಧಾನವಾಗಿ ಹತ್ತಿಕೊಂಡಿತು. ಆ ನೀಲಿಗೆ ನೀಲಿ ಬಣ್ಣದ ಪದಾರ್ಥವೇ ಇಲ್ಲ. ಚರ್ಮದ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ತೆಳು ಹರಳುಗಳು ಪದರ ಪದರವಾಗಿ ಜೋಡಿಸಿರುತ್ತವೆ. ಬೆಳಕು ಅವುಗಳಿಗೆ ಬಡಿದು ಮರಳುವಾಗ ನೀಲಿಯಾಗಿ ಕಾಣುತ್ತದೆ, ಪದರಗಳ ಜೋಡಣೆ ಚೂರು ಬದಲಾದರೆ ಬಣ್ಣವೂ ಬದಲು. ಅಮ್ಮನಿಗೆ ಇದನ್ನು ಹೇಳಿದೆ. "ಸರಿ, ಲೈಟ್ ಆರಿಸು, ಮಲಗ್ಲಿ ಪಾಪ" ಅಂದರು.

ನಿಯಾನ್ ಅಮೆಜಾನಿನ ಮೇಲ್ಭಾಗದ ತೊರೆಗಳ ಮೀನು. ಮೆದು ನೀರು, 21ರಿಂದ 26 ಡಿಗ್ರಿ ಶಾಖ ಸಾಕು. ಮಲೆನಾಡಿನ ನೀರು ಮೆದುವಾದ್ದರಿಂದ ನಮಗೆ ಸಲೀಸು, ಚಳಿಗಾಲದ ರಾತ್ರಿಗೆ ಒಂದು ಹೀಟರ್ ಬೇಕು. ಅರಸೀಕೆರೆಯಲ್ಲಿರುವ ನನ್ನ ತಂಗಿಗೆ ಬೋರ್‌ವೆಲ್ ನೀರೇ ಗತಿ, ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುವಷ್ಟು ಗಡಸು. ಅವಳಿಗೆ ಜೀಬ್ರಾ ಮೀನು ತಂದುಕೊಟ್ಟೆ. ನಮ್ಮದೇ ದೇಶದ ಹಳ್ಳ, ಗದ್ದೆ ನೀರಿನ ಮೀನು, ಚಳಿಗೂ ಗಡಸಿಗೂ ಒಗ್ಗುತ್ತದೆ. ಅದಕ್ಕೆ 1822ರಲ್ಲಿ ವಿಜ್ಞಾನದ ಹೆಸರು ಕೊಟ್ಟ ಫ್ರಾನ್ಸಿಸ್ ಹ್ಯಾಮಿಲ್ಟನ್ ಬೇರೆ ಯಾರೂ ಅಲ್ಲ, ಟಿಪ್ಪು ತೀರಿದ ಮೇಲೆ 1800ರಲ್ಲಿ ಮೈಸೂರು ಸೀಮೆ ಸುತ್ತಿ ಬೆಳೆ, ಬೇಸಾಯ ಬರೆದಿಟ್ಟ ಬುಕಾನನ್ನೇ. ಆಮೇಲೆ ಹೆಸರು ಬದಲಿಸಿಕೊಂಡರು.

ಮಳೆಗಾಲದಲ್ಲಿ ಎಚ್ಚರ ಬೇಕು. ನಮ್ಮಲ್ಲಿ ಮರ ಬಿದ್ದರೆ ಕರೆಂಟು ಹೋಗಿ ಎರಡು ದಿನ. ಗಿಡಗಳು ಹಗಲು ಆಮ್ಲಜನಕ ಕೊಟ್ಟರೂ ಕತ್ತಲಲ್ಲಿ ಅವೂ ಮೀನಿನ ಹಾಗೆ ಅದನ್ನೇ ಬಳಸುತ್ತವೆ. ಹಾಗಾಗಿ ಬೆಳಗಿನ ಜಾವಕ್ಕೆ ತೀರಾ ಕಡಿಮೆ. ಕಳೆದ ಜುಲೈನಲ್ಲಿ ಐದು ಗಂಟೆಗೆ ಎದ್ದು ನೋಡಿದರೆ ಹತ್ತೂ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ, ಮೊಳದೆತ್ತರದಿಂದ ಸುರಿಯುತ್ತಾ ಅರ್ಧ ಗಂಟೆ ನಿಂತೆ. ಕೈ ಸೋತಾಗ ಅಮ್ಮ ಚೊಂಬು ತೆಗೆದುಕೊಂಡರು.

ಮೊನ್ನೆ ತಮ್ಮನ ಮಗ ಬಂದಿದ್ದ, ಆರು ವರ್ಷದವನು. ತೊಟ್ಟಿ ಮುಂದೆ ನಿಂತು ಮುಖ ಸಪ್ಪೆ ಮಾಡಿಕೊಂಡ. "ದೊಡ್ಡಪ್ಪ, ಇವು ಲೈನಲ್ಲಿ ಹೋಗಲ್ವಾ?" ನಾನು ಬಾಯಿ ತೆರೆಯುವ ಮೊದಲೇ ಗಾಜಿಗೆ ಪಟಪಟ ಬಡಿದ. ಹತ್ತೂ ಮೀನು ಒಂದೇ ಮುದ್ದೆಯಾಗಿ, ಮೂತಿ ಒಂದೇ ಕಡೆ ಮಾಡಿ, ಸರ್ರನೆ ಮೂಲೆ ಸೇರಿದವು. "ಹಾಂ, ಈಗ ಸರಿಯಾಯ್ತು" ಅಂದ.