ನೊರೆಕೋಶ ಅಂದ್ರೆ ಏನು?

ಹೋದ ತಿಂಗಳು ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನ ಎದೆ ತೋರಿಸಲು ಶಿವಮೊಗ್ಗಕ್ಕೆ ಹೋಗಿದ್ದೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಅವರದ್ದು ಒಂದೇ ಮಾತು: "ಅಬ್ಬಿ ನೀರಿನ ಪೈಪಿಗೆ ಕೆಸರು ಕಟ್ಟಿದ ಹಾಗೆ, ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆಯಂತೆ ಮಾರಾಯ."

ಎಲ್ಲರೂ ಹೀಗೇ ಹೇಳ್ತಾರೆ. ಆದರೆ ಕೊಬ್ಬು ಸೇರುವುದು ಪೈಪಿನ ಒಳಗಲ್ಲ, ಅದರ ಗೋಡೆಯ ಒಳಗೆ. ಮಳೆಗಾಲದಲ್ಲಿ ಮನೆ ಗೋಡೆ ನೀರು ಕುಡಿದು, ಬಣ್ಣ ಗುಳ್ಳೆ ಎದ್ದು, ಬೆರಳಲ್ಲಿ ಒತ್ತಿದರೆ ಪುಸಕ್ಕನೆ ಒಡೆದು ಒಳಗಿನ ಪುಡಿ ಉದುರುತ್ತದಲ್ಲ, ಹೆಚ್ಚು ಕಡಿಮೆ ಹಾಗೆ. ನಾಳದ ಗೋಡೆಯ ಆ ಗುಳ್ಳೆಯಲ್ಲಿ ತುಂಬಿರುವುದೇ ನೊರೆಕೋಶ. ಡಾಕ್ಟರುಗಳ ಬಾಯಲ್ಲಿ ಫೋಮ್ ಸೆಲ್.

ಇದೇನು ಹೊರಗಿನ ವೈರಿಯಲ್ಲ, ನಮ್ಮದೇ ಬಿಳಿ ರಕ್ತಕಣ. ರಕ್ತದಲ್ಲಿ ಓಡಾಡುವಾಗ ಹೆಸರು ಮಾನೊಸೈಟ್. ಎಲ್‌ಡಿಎಲ್ ಕೊಲೆಸ್ಟ್ರಾಲ್, ಅಂದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಕಣ, ನಾಳದ ಒಳಪದರ ದಾಟಿ, ಗೋಡೆಯಲ್ಲಿ ಸಿಕ್ಕಿಕೊಂಡು ಕೆಡತೊಡಗಿದರೆ ಇದಕ್ಕೆ ಕರೆ ಬರುತ್ತದೆ. ಅಲ್ಲಿಗೆ ಬಂದು ಅಂಟಿ, ಒಳಗೆ ನುಸುಳಿ, ಮ್ಯಾಕ್ರೋಫೇಜ್ ಆಗುತ್ತದೆ. ಗ್ರೀಕ್ ಮೂಲದ ಈ ಹೆಸರಿಗೆ ದೊಡ್ಡ ತಿನ್ನುಬಾಕ ಅಂತ ಅರ್ಥ. ಹೆಸರಿಟ್ಟ ವಿಜ್ಞಾನಿ ಮೆಚ್ನಿಕಾಫ್‌ಗೆ 1908ರಲ್ಲಿ ನೊಬೆಲ್ ಬಂತು.

ಬಂದದ್ದು ಕ್ಲೀನ್ ಮಾಡಲಿಕ್ಕೇ. ತೊಂದರೆ ಇರುವುದು ತಿನ್ನುವ ರೀತಿಯಲ್ಲಿ. ಬೇರೆ ಕೋಶಗಳು ಕೊಲೆಸ್ಟ್ರಾಲ್ ಸಾಕಾದಾಗ ಎಲ್‌ಡಿಎಲ್ ಬರುವ ಬಾಗಿಲು ಕಡಿಮೆ ಮಾಡಿಕೊಳ್ಳುತ್ತವೆ. ಇದನ್ನು ತೋರಿಸಿಕೊಟ್ಟ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್‌ಗೆ 1985ರ ನೊಬೆಲ್. ಮ್ಯಾಕ್ರೋಫೇಜ್ ಕೆಟ್ಟುಹೋದ ಎಲ್‌ಡಿಎಲ್ ನುಂಗುವುದು ಬೇರೆ ಬಾಗಿಲಿನಿಂದ, ಆ ಬಾಗಿಲಿಗೆ ಚಿಲಕವೇ ಇಲ್ಲ. ಮದುವೆ ಊಟದಲ್ಲಿ ಎಲೆಗೆ ಕೈ ಅಡ್ಡ ಹಿಡಿಯಲು ಬಾರದವನ ಕಥೆ. ತಿಂದು ತಿಂದು ಮೈಯೆಲ್ಲ ಕೊಬ್ಬಿನ ಹನಿ. ಸ್ಲೈಡ್ ಮಾಡುವಾಗ ಆ ಕೊಬ್ಬು ಕರಗಿ ಹೋಗುವುದರಿಂದ, ಮೈಕ್ರೋಸ್ಕೋಪಿನಲ್ಲಿ ಬರೀ ತೂತು ತೂತು, ಥೇಟ್ ಅಂಟುವಾಳದ ನೊರೆ. ಅದಕ್ಕೇ ಈ ಹೆಸರು.

ಕೊನೆಗೆ ಅಲ್ಲೇ ಸಾಯುತ್ತವೆ. ಒಳಗಿದ್ದದ್ದೆಲ್ಲ ಸೋರಿ ಗಂಜಿಯಂತಾಗುತ್ತದೆ. ಅಥೆರೋಸ್ಕ್ಲೆರೋಸಿಸ್ ಎಂಬ ರೋಗದ ಹೆಸರಿನ ಮೊದಲರ್ಧಕ್ಕೂ ಗ್ರೀಕಿನಲ್ಲಿ ಗಂಜಿ ಅಂತಲೇ ಅರ್ಥ! ಉಳಿದ ಮ್ಯಾಕ್ರೋಫೇಜ್‌ಗಳು ಬಿಡುವ ಕಿಣ್ವಗಳಿಂದ ಗುಳ್ಳೆಯ ಮೇಲ್ಪದರ ಸವೆಯುತ್ತದೆ. ಅದು ಹರಿದರೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಬಹುದು, ಹೃದಯಾಘಾತ ಆಗುವುದು ಹೀಗೆ.

ಈ ಕೋಶಗಳು ಎಬ್ಬಿಸುವ ಉರಿಯೂತದ ಗಲಾಟೆಯನ್ನೇ ತಗ್ಗಿಸಿದರೆ? ಹೃದಯಾಘಾತವಾಗಿದ್ದ ಸುಮಾರು 10,000 ಜನರ ಮೇಲೆ ಇದನ್ನು ನೋಡಿದ್ದಾರೆ, ಫಲಿತಾಂಶ ಬಂದದ್ದು 2017ರಲ್ಲಿ. ಕೆನಾಕಿನುಮ್ಯಾಬ್ ಎಂಬ ಇಂಜೆಕ್ಷನ್ ಕೊಲೆಸ್ಟ್ರಾಲ್ ಇಳಿಸದೆಯೇ ಮತ್ತೆ ಆಘಾತವಾಗುವುದನ್ನು ಕಡಿಮೆ ಮಾಡಿತು. ಆದರೆ ಸೋಂಕಿನಿಂದ ಸತ್ತವರು ಸ್ವಲ್ಪ ಜಾಸ್ತಿಯಾದರು. ಕಾವಲುಗಾರನ ಕೈ ಕಟ್ಟಿದ ಮೇಲೆ ಇನ್ನೇನು, ಅಲ್ವಾ?

ಚಿಕ್ಕಪ್ಪನ ಚೀಟಿಯಲ್ಲಿರುವುದು ಸ್ಟ್ಯಾಟಿನ್ ಮಾತ್ರೆ. ಅದರ ಮುಖ್ಯ ಕೆಲಸ ರಕ್ತದಲ್ಲಿನ ಎಲ್‌ಡಿಎಲ್ ಇಳಿಸಿ, ಬಡಿಸುವುದನ್ನೇ ಕಡಿಮೆ ಮಾಡುವುದು.